ಊರೂರಿನ ಒಳ್ಳೆಯ ಕಲ್ಲು

ತೀರ್ಥರೂಪ ಕಾಕಾನಿಗೆ,

ಪದ್ಮಿಯ ನಮಸ್ಕಾರ. ನಿನ್ನ ಕ್ಷೇಮ ಕೇಳುವ ಹಾಗಿಲ್ಲ, ನೀನು ಹೋಗಿ ಎಂಟು ತಿಂಗಳಾಯಿತು. ನನ್ನ ಕ್ಷೇಮ ಹೇಳೋಣವೆಂದರೆ ಅದೂ ನೆಟ್ಟಗಿಲ್ಲ. ಸಿಟ್ಟು ಬಂದಿದೆ. ಮೊದಲು ನಿನ್ನ ಮೇಲೆ, ಆಮೇಲೆ ನಿನಗೆ ಕಲ್ಲು ಕೊಟ್ಟ ನಲವತ್ತಮೂರು ಊರಿನ ಮಂದಿಯ ಮೇಲೆ, ಕಡೆಗೆ ನನ್ನ ಮೇಲೆ. ಸತ್ತವರನ್ನು ಬೈಯಬಾರದು ಅನ್ನುತ್ತಾರೆ. ಬದುಕಿದ್ದಾಗ ಬೈದರೆ ನೀನು ನಕ್ಕು ಚಹಾ ಕೇಳುತ್ತಿದ್ದೆ. ಈಗ ಬೈದರೆ ಏನು ಮಾಡುತ್ತೀ?

ನಿನ್ನ ಕಲ್ಲುಗಳು ಇನ್ನೂ ಬೋರಗಾಂವದ ಮನೆಯ ಪಡಸಾಲೆಯ ಗೋಡೆಗುಂಟ ಸಾಲಾಗಿ ಕೂತಿವೆ. ಒಂದೊಂದರ ಮೇಲೂ ಬಿಳಿ ಬಣ್ಣದಲ್ಲಿ ಊರಿನ ಹೆಸರು, ಅದರ ಕೆಳಗೆ ಬಸ್ಸಿನ ಸ್ಟೇಜ್ ನಂಬರು. ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವನು ಕಲ್ಲಿಗೂ ಟಿಕೆಟು ಹರಿಯದೆ ಬಿಟ್ಟಾನೆಯೇ? ನಿನ್ನ ಹೆಂಡತಿ, ನಮ್ಮ ಕಾಕೂ, ದಿನಾ ಮುಂಜಾನೆ ಅವುಗಳನ್ನು ಒರೆಸುತ್ತಾಳೆ. ಮುಟ್ಟಲು ಹೋದರೆ ನನ್ನ ಕೈಗೆ ಹೊಡೆಯುತ್ತಾಳೆ. ಎಲ್ಲವೂ ಒಳ್ಳೆಯ ಕಲ್ಲುಗಳು, ಕಾಕಾ. ಒಂದಕ್ಕೂ ಬಿರುಕಿಲ್ಲ, ತೂತಿಲ್ಲ, ಬಡಿದರೆ ಠಣ್ ಅನ್ನುತ್ತವೆ. ನನ್ನ ಗೋಳೆಲ್ಲ ಅದೇ.

ಆ ಯಂತ್ರವನ್ನು ನಾನು ಮೊದಲ ಸಲ ಮನೆಗೆ ತಂದ ದಿನ ನಿನಗೆ ನೆನಪಿದೆಯೇ? ಗ್ರಾವಿಮೀಟರ್ ಎಂದೆ. ಚಿಕ್ಕೋಡಿಯ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವವಳಿಗೆ ಇದೆಲ್ಲ ಯಾಕೆ ಬೇಕಿತ್ತು ಎಂದು ಕಾಕೂ ಗೊಣಗಿದಳು. ಪಿಎಚ್.ಡಿ.ಗೆ ಎಂದೆ. ನಿಪ್ಪಾಣಿಯಿಂದ ಚಿಕ್ಕೋಡಿ, ರಾಯಬಾಗ ಹಾದು ಅಥಣಿಯವರೆಗೆ ಒಂದು ಗೆರೆ, ಕೃಷ್ಣೆಯಾಚೆ ಕಾಗವಾಡದ ಕಡೆಗೆ ಅದರದೊಂದು ಟಿಸಿಲು. ಆ ಗೆರೆಯುದ್ದಕ್ಕೂ ಭೂಮಿಯ ಎಳೆತ ಅಳೆದು, ನಮ್ಮ ಕರಿಕಲ್ಲಿನ ಹಾಸು ಎಲ್ಲಿ ದಪ್ಪ, ಎಲ್ಲಿ ತೆಳು, ಅದರ ಕೆಳಗೆ ಏನಿದೆ ಎಂದು ಕಂಡುಹಿಡಿಯುವುದು ನನ್ನ ಕೆಲಸ. ನೀನು ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದೆ.

"ಅಂದ್ರ ಭೂಮಿ ಎಲ್ಲಾ ಕಡೆ ಒಂದ ನಮೂನಿ ಎಳೆಯೂದಿಲ್ಲೇನ?"

"ಇಲ್ಲ ಕಾಕಾ. ಎತ್ತರಕ್ಕ ಹೋದಂಗ ಕಡಿಮಿ ಆಗತೈತಿ."

"ಹಂಗಾದ್ರ ನಿಪ್ಪಾಣಿ ಪ್ಯಾಸೆಂಜರ್ ಹಗುರ, ಅಥಣಿ ಪ್ಯಾಸೆಂಜರ್ ಭಾರ. ಇಷ್ಟ ವರ್ಷ ಇಬ್ಬರಿಗೂ ಒಂದ ರೇಟ್ ಹಚ್ಚೇನಲ್ಲ ಮಾರಾಯ್ತಿ!"

ನಿನಗೆ ತಿಳಿಸಿ ಹೇಳಿದಷ್ಟು ಚೆನ್ನಾಗಿ ನಾನು ಕ್ಲಾಸಿನಲ್ಲಿ ಯಾವತ್ತೂ ಹೇಳಿಲ್ಲ. ಬಸ್ಸು ಏರು ಹತ್ತಿದರೆ ನಾವು ಭೂಮಿಯ ನಡುವಿನಿಂದ ದೂರ ಸರಿದ ಹಾಗೆ, ಎಳೆತ ಒಂದಿಷ್ಟು ಇಳಿಯುತ್ತದೆ. ಇಳಿದದ್ದನ್ನು ಲೆಕ್ಕದಲ್ಲಿ ಮರಳಿ ಕೂಡಿಸಬೇಕು. ಅದು ಎತ್ತರದ ತಿದ್ದುಪಡಿ. ಆದರೆ ಆ ಏರು ಬರೀ ಗಾಳಿಯಲ್ಲ, ಕಲ್ಲು. ಕಾಲ ಕೆಳಗೆ ಹೆಚ್ಚಿಗೆ ಬಂದ ಅಷ್ಟು ಕಲ್ಲು ತಾನೂ ನಮ್ಮನ್ನು ಎಳೆಯುತ್ತದೆ. ಅದನ್ನು ಕಳೆಯಬೇಕು. ಅದು ಕಲ್ಲಿನ ತಿದ್ದುಪಡಿ. ಎರಡೂ ಆದ ಮೇಲೆ ಏನು ಉಳಿಯುತ್ತದೋ ಅದು ನೆಲದ ಆಳದ ಸುದ್ದಿ. ಕಲ್ಲು ಎಷ್ಟು ಭಾರ ಎಂದು ಹೇಗೆ ಗೊತ್ತಾಗುತ್ತದೆ ಎಂದು ನೀನು ಕೇಳಿದೆ. ಪುಸ್ತಕದಲ್ಲಿ ಕೊಟ್ಟಿರುತ್ತಾರೆ, ನೀರಿನ ಎರಡು ಪಾಯಿಂಟ್ ಆರು ಏಳು ಪಟ್ಟು, ಜಗತ್ತಿಗೆಲ್ಲ ಅದೇ ಎಂದೆ ನಾನು. ನೀನು ಬಸಿಯಲ್ಲಿದ್ದ ಚಹಾ ಕೆಳಗಿಟ್ಟುಬಿಟ್ಟೆ.

"ನಮ್ಮ ಕಲ್ಲಿಗೆ ಜಗತ್ತಿನ ರೇಟ್ ಹಚ್ಚತೀಯೇನ? ನಾ ತಂದ ಕೊಡತೇನಿ, ತೂಗಿ ನೋಡು."

ಅಲ್ಲಿಗೆ ಶುರುವಾಯಿತು.

ಬೋರಗಾಂವದ ಓಣಿಯಲ್ಲಿ ರೀಡಿಂಗ್ ತೆಗೆದ ದಿನವೇ ನನಗೆ ಎಚ್ಚರ ಆಗಬೇಕಿತ್ತು. ಮಗ್ಗಗಳ ಸದ್ದಿಗೆ ನೆಲವೇ ನಡುಗುತ್ತಿತ್ತು, ಯಂತ್ರ ಒಂದು ಕ್ಷಣ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಮತ್ತೊಂದು ದಿನ ಕರೆಂಟು ಹೋದಾಗ ಬರೋಣ ಎಂದು ನಾನು ಪೆಟ್ಟಿಗೆ ಮುಚ್ಚುತ್ತಿದ್ದೆ. ನೀನು ಮನೆಮನೆಗೆ ಹೋಗಿ, "ಐದ ಮಿನಿಟ್ ಬಂದ್ ಮಾಡ್ರಿ, ನಮ್ಮ ಪದ್ಮಿ ಭೂಮಿ ತೂಗಾಕತ್ತಾಳ" ಎಂದೆ. ಒಂದೊಂದೇ ಮಗ್ಗ ನಿಂತು ಇಡೀ ಓಣಿ ಗಪ್ಪಾಯಿತು. ಕರೆಂಟು ಹೋಯಿತೇನೋ ಎಂದು ಹೆಂಗಸರು ಹೊರಗೆ ಬಂದರು. ನಾನು ರೀಡಿಂಗ್ ಬರೆದುಕೊಂಡೆ. ಮಗ್ಗದ ಮಾಲೀಕನೊಬ್ಬ ಬಂದು, "ಎಷ್ಟ ಬಂತರಿ ಭೂಮಿ ತೂಕ?" ಎಂದು ಕೇಳಿದ. "ಕೂಡಿಸಾಕತ್ತಾಳ, ಆಮ್ಯಾಲ ಹೇಳತಾಳ" ಎಂದೆ ನೀನು, ಜ್ವರ ನೋಡಿ ಹೇಳುವ ಕಂಪೌಂಡರನ ಹಾಗೆ. ನಾನು ನಗುತ್ತಿದ್ದೆ. ಈ ಐದು ತಾಲೂಕಿನಲ್ಲಿ ಜಿನ್ನಪ್ಪ ಕಂಡಕ್ಟರಿಗೆ ಯಾರೂ ಇಲ್ಲ ಅನ್ನುವುದಿಲ್ಲ ಎಂಬುದನ್ನು ಹೆಮ್ಮೆಯಿಂದ ನೋಡಿದೆ. ಅದೇ ನಮ್ಮ ಕುತ್ತಿಗೆಗೆ ಬರುತ್ತದೆ ಎಂದು ಹೊಳೆಯಲೇ ಇಲ್ಲ.

ಬೇಸಿಗೆಯಿಡೀ ಮೊಪೆಡ್ ಮೇಲೆ ಅಲೆದೆ ನೀನು. ಸೂರ್ಯ ಮುಳುಗುವುದರೊಳಗೆ ಮನೆಗೆ ಬಂದು ಊಟ ಮಾಡಬೇಕು, ಜೈನರ ಆ ನೇಮವನ್ನು ಒಂದು ದಿನವೂ ತಪ್ಪಿಸಲಿಲ್ಲ. ಹಾಗಾಗಿ ದಿನಕ್ಕೆ ಎರಡೋ ಮೂರೋ ಊರು. ಬಂದವನು ಕಾಲು ತೊಳೆಯುವ ಮೊದಲೇ ಕತೆ ಶುರು ಮಾಡುತ್ತಿದ್ದೆ. ಯಡೂರಿನಲ್ಲಿ ಹೊಳೆಯ ದಂಡೆಯ ಮನೆಯವರು ನೀರಿಗೆ ಇಳಿಯುವ ಪಾವಟಿಗೆಗೆ ತಂದು ಉಳಿದಿದ್ದ ಕಲ್ಲು ಕೊಟ್ಟರಂತೆ. ರಾಯಬಾಗದ ಹತ್ತಿರ ಒಬ್ಬರು ಹೊಸ ಮನೆಯ ಹೊಸ್ತಿಲಿಗೆಂದು ಇಟ್ಟುಕೊಂಡ ಕಲ್ಲಿನದೇ ಒಂದು ತುಂಡು ಒಡೆದು ಕೊಟ್ಟರಂತೆ. ಕಾಗವಾಡದ ದ್ರಾಕ್ಷಿ ತೋಟದವನಂತೂ ಕಲ್ಲನ್ನು ತೊಳೆದು ಒರೆಸಿ, ಮೇಲೊಂದು ಗೊನೆ ಇಟ್ಟು ಕೊಟ್ಟನಂತೆ. ಆ ದ್ರಾಕ್ಷಿಯನ್ನು ನಾನೂ ತಿಂದೆ, ಕಾಕಾ. ತಿನ್ನುವಾಗಲಾದರೂ ಬುದ್ಧಿ ಬರಬಾರದಿತ್ತೇ? ತೊಳೆದು ಒರೆಸಿ ಕೊಡುವ ಕಲ್ಲು ಎಂಥ ಕಲ್ಲಾಗಿರುತ್ತದೆ?

ಲ್ಯಾಬಿನಲ್ಲಿ ಒಂದೊಂದನ್ನೂ ದಾರಕ್ಕೆ ಕಟ್ಟಿ ಗಾಳಿಯಲ್ಲಿ ತೂಗಿದೆ, ಆಮೇಲೆ ನೀರಲ್ಲಿ ಮುಳುಗಿಸಿ ತೂಗಿದೆ. ಎರಡು ಪಾಯಿಂಟ್ ಒಂಬತ್ತು. ಮತ್ತೊಂದು ಊರು, ಮತ್ತೆ ಎರಡು ಪಾಯಿಂಟ್ ಒಂಬತ್ತು. ಆಚೀಚೆ ಕೂದಲೆಳೆಯಷ್ಟೇ ವ್ಯತ್ಯಾಸ. ಎಲ್ಲವೂ ಒಂದೇ ಉತ್ತರ ಕೊಡುತ್ತಿವೆ ಎಂದು ನಾನು ಕುಣಿದೆ. ನೀನು ನಿಪ್ಪಾಣಿ ಬಸ್ ಸ್ಟ್ಯಾಂಡಿನಲ್ಲಿ ನಿಂತು, ನಮ್ಮ ಕಡೆಯ ಕಲ್ಲು ಜಗತ್ತಿನ ಕಲ್ಲಿಗಿಂತ ಭಾರ ಎಂದು ಡ್ರೈವರುಗಳಿಗೆಲ್ಲ ಹೇಳಿ ಬಂದೆ. ಅವರಲ್ಲಿ ಒಬ್ಬ, "ಅದಕ್ಕ ನಮ್ಮ ಗಾಡಿ ಏರಿನಾಗ ಜಗ್ಗೂದಿಲ್ಲ ನೋಡ" ಎಂದನಂತೆ.

ನಕಾಶೆ ತಯಾರಾದ ದಿನ ನಾವಿಬ್ಬರೂ ಅದನ್ನು ಪಡಸಾಲೆಯ ನೆಲದ ಮೇಲೆ ಹಾಸಿಕೊಂಡು ಕೂತಿದ್ದೆವು. ಚಿಕ್ಕೋಡಿಯ ಗುಡ್ಡಸಾಲಿನ ಕೆಳಗೆ ಎಳೆತ ಕಡಿಮೆ ಇರುವ ಒಂದು ತಗ್ಗು, ನೀಲಿ ಬಣ್ಣದಲ್ಲಿ, ಎಷ್ಟು ಚೆಂದ ಕಾಣುತ್ತಿತ್ತು! ಅಲ್ಲಿ ಕರಿಕಲ್ಲಿನ ಹಾಸು ತೆಳುವಾಗಿದೆ, ಅದರಡಿ ಹಗುರವಾದ ಹಳೆಯ ಮರಳುಗಲ್ಲು ಇದೆ ಎಂದು ನಾನು ಇಡೀ ಒಂದು ಅಧ್ಯಾಯ ಬರೆದೆ. ನೀನು ನೀಲಿಯ ಮೇಲೆ ಅಂಗೈ ಇಟ್ಟು, "ಇದರ ಮ್ಯಾಲ ದಿನಾ ನಾಲ್ಕ ಟ್ರಿಪ್ ಹೊಡದೇನಿ, ಕೆಳಗ ಇಂಥಾದ್ದ ಐತಿ ಅಂತ ಗೊತ್ತ ಇರಲಿಲ್ಲ" ಎಂದೆ. ಬಂದುಹೋದವರಿಗೆಲ್ಲ ಆ ತಗ್ಗಿನ ಕತೆ ಹೇಳಿದೆವು. ಅದು ನನ್ನ ಸಂಶೋಧನೆಯ ಒಂದೇ ಒಂದು ಹೊಸ ಮಾತು. ಅದಿಲ್ಲದಿದ್ದರೆ ಉಳಿದದ್ದು ಅಂಕಿಗಳ ರಾಶಿ.

ದೀಪಾವಳಿ ಮುಗಿದ ಮೇಲೆ ನನ್ನ ಗೈಡ್ ಮೇಡಂ ಕರೆಸಿದರು. ನೀನು ಆಗಲೇ ಇರಲಿಲ್ಲ. ಮೇಡಂ ನನ್ನ ನಕಾಶೆಯ ಪಕ್ಕದಲ್ಲಿ ಎತ್ತರದ ನಕಾಶೆ ಇಟ್ಟರು. ಪೆನ್ಸಿಲಿನಿಂದ ಒಂದು ಗುಡ್ಡ ಮುಟ್ಟಿದರು, ಆಮೇಲೆ ನನ್ನ ನೀಲಿ ಮುಟ್ಟಿದರು. ಮತ್ತೊಂದು ಗುಡ್ಡ, ಮತ್ತೊಂದು ನೀಲಿ.

"ಎಲ್ಲೆಲ್ಲಿ ಗುಡ್ಡ ಐತೋ ಅಲ್ಲೆಲ್ಲಾ ತಗ್ಗು ಬಂದದ ಅಲ್ಲ ಪದ್ಮಾ? ಇದು ಭೂಮಿ ಒಳಗಿನ ಸುದ್ದಿ ಅಲ್ಲ. ನಿನ್ನ ತಿದ್ದುಪಡಿ ಸುದ್ದಿ."

ನಿನಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಕೊಡದಲ್ಲಿ ಬೆಲ್ಲ ಹಾಕಿ ತೂಗುತ್ತೇವೆ, ಆಮೇಲೆ ಖಾಲಿ ಕೊಡದ ತೂಕ ಕಳೆಯುತ್ತೇವೆ. ಕೊಡ ಮಣ್ಣಿನದಿದ್ದು ನಾವು ಹಿತ್ತಾಳೆ ಕೊಡದ ತೂಕ ಕಳೆದರೆ? ಬೆಲ್ಲ ಕಡಿಮೆ ಬಂತು ಅನಿಸುತ್ತದೆ. ನಾನು ಗುಡ್ಡಕ್ಕೆಲ್ಲ ಎರಡು ಪಾಯಿಂಟ್ ಒಂಬತ್ತರ ಕಲ್ಲು ಹಿಡಿದು ಕಳೆದಿದ್ದೆ. ಗುಡ್ಡ ಅಷ್ಟು ಭಾರವೇ ಇರಲಿಲ್ಲ. ಇದ್ದದ್ದಕ್ಕಿಂತ ಹೆಚ್ಚು ಕಳೆದೆ, ಗುಡ್ಡ ಎತ್ತರವಾದಷ್ಟೂ ಹೆಚ್ಚು ಕಳೆದೆ, ಕಳೆದ ಜಾಗದಲ್ಲೆಲ್ಲ ತಗ್ಗು ಬಿತ್ತು. ಇಷ್ಟೇ. ಬಿ.ಎಸ್ಸಿ. ಮಕ್ಕಳಿಗೆ ಕಲಿಸುವ ಪಾಠ. ಪುಸ್ತಕದ ಎರಡು ಪಾಯಿಂಟ್ ಆರು ಏಳನ್ನೇ ಕಣ್ಣುಮುಚ್ಚಿ ಹಾಕಿದ್ದರೂ ಇಷ್ಟು ಕೆಡುತ್ತಿರಲಿಲ್ಲ! ಜಗತ್ತಿನ ರೇಟೇ ನಮಗೆ ಹೆಚ್ಚು ಹತ್ತಿರವಿತ್ತು, ಕಾಕಾ. ನಿನ್ನ ಹಟದಿಂದ, ನನ್ನ ಹೆಡ್ಡತನದಿಂದ, ನಾವು ಹತ್ತಿರವಿದ್ದದ್ದನ್ನು ಬಿಟ್ಟು ದೂರ ಹೋದೆವು.

ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ರಿಜಿಸ್ಟ್ರೇಶನ್ನಿನ ಗಡುವನ್ನು ಒಮ್ಮೆ ಮುಂದೂಡಿಸಿ ಆಗಿತ್ತು, ಎರಡನೆಯ ಸಲ ಮುಂದೂಡುವುದಿಲ್ಲ. ಮಾರ್ಚ್ ಒಳಗೆ ಹೊಸ ಕಲ್ಲು, ಹೊಸ ಲೆಕ್ಕ, ಹೊಸ ಅಧ್ಯಾಯ. ಇಲ್ಲದಿದ್ದರೆ ಆರು ವರ್ಷದ ಕೆಲಸ ಹೊಳೆಪಾಲು. ಚಿಕ್ಕೋಡಿಗೆ ಮರಳುವ ಬಸ್ಸಿನಲ್ಲಿ ನನಗೆ ಒಂದೇ ಪ್ರಶ್ನೆ. ನಲವತ್ತಮೂರು ಊರಿನ ಕಲ್ಲೂ ಹೇಗೆ ಸುಳ್ಳು ಹೇಳುತ್ತವೆ? ಒಂದೆರಡು ತಪ್ಪಾಗಲಿ, ಎಲ್ಲವೂ?

ಮುಂದಿನ ಭಾನುವಾರ ಗುಡ್ಡದ ಮೇಲಿನ ಊರಿಗೆ ಹೋದೆ, ನೀನು ಮೊದಲ ಕಲ್ಲು ತಂದ ಊರು. ಆ ಕಲ್ಲು ಕೊಟ್ಟ ರೈತ ನಿನ್ನ ಹೆಸರು ಕೇಳಿದ ಕೂಡಲೇ ಕಣ್ಣು ಒರೆಸಿಕೊಂಡ, ಕುರ್ಚಿ ತರಿಸಿದ. ನಾನು, "ಕಾಕಾಗ ಕೊಟ್ಟ ಕಲ್ಲ ಎಲ್ಲಿಂದ ತಗೊಂಡಿದ್ರಿ?" ಎಂದೆ.

"ಅದೇನ ಕೇಳತೀರಿ! ಕಂಡಕ್ಟರ್ ಸಾಹೇಬ್ರು ನಿಮ್ಮ ಊರಿಂದೊಂದ ಕಲ್ಲ ಕೊಡ್ರಿ ಅಂದ್ರು. ಹಂಗಾ ಹಿಂಗಾ ಕಲ್ಲ ಕೊಡಾಕ ಆಗತೈತೇನರಿ? ಬಾವಿ ತಗದಾಗಿನ ದಿಬ್ಬಿ ಇತ್ತ, ಅದರಾಗ ಹತ್ತಿಪ್ಪತ್ತ ಬಡದ ನೋಡಿ, ಗಂಟಿಗತೆ ಬಾರಿಸಿದ್ದನ್ನ ಆರಿಸಿ ಕೊಟ್ಟೇನಿ."

ಅಯ್ಯೋ ದೇವರೇ! ಆರಿಸಿ ಕೊಟ್ಟಿದ್ದಾನೆ. ಅವನೊಬ್ಬನೇ ಅಲ್ಲ, ಊರೂರಿಗೂ ಆರಿಸಿ ಕೊಟ್ಟಿದ್ದಾರೆ. ಪೇಟೆಯಲ್ಲಿ ಓದಿದ ಹುಡುಗಿ ನಮ್ಮ ಊರಿನ ಕಲ್ಲು ತೂಗುತ್ತಾಳಂತೆ, ನಮ್ಮ ಊರಿನ ಮಾನ ಹೋಗಬಾರದು! ಬೀಗರ ಮನೆಗೆ ಹಣ್ಣು ಕಳಿಸುವ ಹಾಗೆ ಆರಿಸಿದ್ದಾರೆ. ನಾನು ಆ ಕುರ್ಚಿಯಲ್ಲಿ ಕೂತು, "ಈಗ ನನಗ ಹಾಳ ಕಲ್ಲ ಬೇಕಾಗೈತ್ರಿ, ಪುಡಿ ಆಗೂವಂಥಾದ್ದು" ಎಂದೆ. ಅವನ ಮುಖ ಕಪ್ಪಿಟ್ಟಿತು.

"ನಮ್ಮೂರಾಗ ಹಂತಾ ಕಲ್ಲ ಇಲ್ಲರಿ."

ಇದೆ, ಕಾಕಾ! ಅವನು ಹೇಳುತ್ತಿದ್ದಾಗ ನನ್ನ ಚಪ್ಪಲಿಯ ಕೆಳಗೇ ಇತ್ತು. ಮತ್ತೊಂದು ಊರಿಗೆ ಹೋದೆ, ಅಲ್ಲೂ ಅದೇ. "ಅಂಥಾದ್ದು ಬೇಕಾದ್ರ ಆ ಕಡೆ ಊರಿಗೆ ಹೋಗ್ರಿ, ಅವರದೆಲ್ಲಾ ಹಂತಾದ್ದ" ಎಂದು ಪಕ್ಕದ ಊರನ್ನು ತೋರಿಸಿದರು. ಪಕ್ಕದ ಊರಿನವರು ಇವರನ್ನು ತೋರಿಸಿದರು. ಎರಡು ಭಾನುವಾರ ಹೀಗೆ ತಿರುಗಿ ನನ್ನ ತಲೆ ಚಿಟ್ಟು ಹಿಡಿಯಿತು. ಭೂಮಿಯ ಮೇಲೆ ಒಳ್ಳೆಯತನಕ್ಕೂ ಒಂದು ಮಿತಿ ಬೇಡವೇ?

ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ. ಬೋರಗಾಂವದಿಂದ ಕಾಲೇಜಿಗೆ ಹೋಗುವ ದಾರಿಯಲ್ಲಿ ರಸ್ತೆ ಅಗಲ ಮಾಡಲು ಗುಡ್ಡವನ್ನು ಕಡಿದಿದ್ದಾರೆ. ಬಸ್ಸಿನ ಕಿಟಕಿಯಿಂದ ನೂರಾರು ಸಲ ನೋಡಿದ್ದೇನೆ, ಒಂದು ಸಲವೂ ಕಂಡಿಲ್ಲ. ಈ ಸಲ ಇಳಿದು ನಿಂತೆ. ಮೇಲೆ ನಮ್ಮ ಠಣ್ ಅನ್ನುವ ಕರಿಕಲ್ಲು. ಅದರ ಕೆಳಗೆ ತೂತುತೂತಾದ ಬೂದು ಕಲ್ಲು, ತೂತಿನಲ್ಲಿ ಬಿಳಿ ಕಾಳುಗಳು. ಅದರ ಕೆಳಗೆ ಮೊಳದಷ್ಟು ಕೆಂಪು ಮಣ್ಣಿನ ಪಟ್ಟಿ. ಆಮೇಲೆ ಕೈಯಲ್ಲಿ ಹಿಸುಕಿದರೆ ಉದುರುವ ಮುರುಮು, ಆಮೇಲೆ ಮತ್ತೆ ಕರಿಕಲ್ಲು. ಟೇಪು ಹಿಡಿದು ಅಳೆದೆ. ಕರಿಕಲ್ಲು ಮೂರರಲ್ಲಿ ಒಂದು ಪಾಲೂ ಇರಲಿಲ್ಲ. ಗುಡ್ಡ ತನ್ನ ಹೊಟ್ಟೆ ಬಿಚ್ಚಿ ರಸ್ತೆ ಬದಿಗೆ ನಿಂತಿತ್ತು, ನಾನು ಮಾತ್ರ ಗುಡ್ಡದ ಹಲ್ಲೊಂದನ್ನು ಲ್ಯಾಬಿನಲ್ಲಿ ತೂಗುತ್ತ ಕೂತಿದ್ದೆ.

ಅಲ್ಲಿಂದ ಮೇಲೆ ನಡೆದು ಗುಡ್ಡದ ಊರಿನ ಬಸ್ ನಿಲ್ದಾಣಕ್ಕೆ ಬಂದೆ. ಅಲ್ಲಿ ಚಹಾ ಮಾರುವ ಬಾಳವ್ವ ನಿನಗೆ ಗೊತ್ತಲ್ಲ, ನಿನ್ನ ಬಸ್ಸು ನಿಂತಾಗೆಲ್ಲ ಕಿಟಕಿಗೇ ಚಹಾ ಕೊಡುತ್ತಿದ್ದವಳು. ನನ್ನ ಕೈಯಲ್ಲಿದ್ದ ಮುರುಮಿನ ಹೆಂಟೆ ನೋಡಿ ನಕ್ಕಳು.

"ನೀನೂ ಹಾಳ ಕಲ್ಲ ಹುಡಕಾಕತ್ತೀಯೇನ ಯವ್ವಾ? ನಿಮ್ಮ ಕಾಕಾನೂ ಕಡೀಕ ಅದನ್ನ ಕೇಳಾಕ ಬಂದಿದ್ರಲ್ಲ."

ನನಗೆ ಅರ್ಥವಾಗಲಿಲ್ಲ. ಯಾವಾಗ ಎಂದೆ.

"ಮಳಿ ಹತ್ತೂ ಮುಂದ. ಬಾಳವ್ವ, ನಿಮ್ಮೂರಾಗ ಹಾಳ ಕಲ್ಲ ಎಲ್ಲಿ ಸಿಗತಾವು ಅಂದ್ರು. ನಾ ಅಂದೆ, ನಿಮಗ್ಯಾಕ ಹಾಳ ಕಲ್ಲ ಕೊಡಬೇಕರಿ, ನೀವೇನ ನಮ್ಮ ವೈರಿ ಏನ? ಅದಕ್ಕ ಅವರು ನಗಲಿಲ್ಲ. ನಲವತ್ಮೂರ ಊರಾಗ ಒಂದಾರ ಹಾಳ ಕಲ್ಲ ಬರಬೇಕಾಗಿತ್ತ ಬಾಳವ್ವ, ಬರಲಿಲ್ಲ. ಅದು ಕಲ್ಲಿನ ಗುಣ ಅಲ್ಲ, ಮಂದಿ ಗುಣ. ನಮ್ಮ ಪದ್ಮಿ ಮಂದಿ ಗುಣ ತೂಗಿ ಬರದಾಳ ಅಂದ್ರು. ಆಮ್ಯಾಲ ತಾವ ಸಲಿಕಿ ತಗೊಂಡ ಹೋಗಿ ಅಗದ ತಂದ್ರು. ಬ್ಯಾರೆ ಊರಿಂದೂ ಗಾಡಿ ಮ್ಯಾಲ ಇತ್ತು."

ಆ ನಿಲ್ದಾಣದ ಕಟ್ಟೆಯ ಮೇಲೆ ಕೂತುಬಿಟ್ಟೆ. ನಿನಗೆ ಗೊತ್ತಾಗಿತ್ತು! ಮೇಡಂಗಿಂತ ಐದು ತಿಂಗಳು ಮೊದಲು, ಎರಡು ನಕಾಶೆ ಒಂದರ ಪಕ್ಕ ಒಂದು ಇಡದೆ, ಒಂದು ಸೂತ್ರ ಗೊತ್ತಿಲ್ಲದೆ. ಬಸ್ಸಿನಲ್ಲಿ ನಲವತ್ತಮೂರು ಜನರೂ ಸರಿಯಾದ ಚಿಲ್ಲರೆ ಕೊಟ್ಟರೆ ಕಂಡಕ್ಟರಿಗೆ ಸಂಶಯ ಬರುತ್ತದೆ, ಪ್ರೊಫೆಸರಿಗೆ ಬರುವುದಿಲ್ಲ, ಅಲ್ಲವೇ? ಗೊತ್ತಾಗಿದ್ದರೆ ನನಗೇಕೆ ಹೇಳಲಿಲ್ಲ ಎಂದು ಕೂಗಬೇಕೆನಿಸಿತು. ಬಾಳವ್ವನ ಮುಂದೆಯೇ ಜೋರಾಗಿ ಅಂದೂ ಬಿಟ್ಟೆ. ಅಂದ ಮೇಲೆ ನೆನಪಾಯಿತು.

ನೀನು ಫೋನ್ ಮಾಡಿದ್ದೆ. ಜೂನ್ ಮೊದಲ ವಾರ, ನಾನು ಪರೀಕ್ಷೆಯ ಪೇಪರ್ ತಿದ್ದುತ್ತಿದ್ದೆ. "ಪದ್ಮಿ, ಆ ಕಲ್ಲಿಂದ ಒಂದ ಮಾತ ಹೇಳೂದೈತಿ" ಎಂದೆ. ನಾನು ಪೂರ್ತಿ ಕೇಳಲೇ ಇಲ್ಲ. "ಕಾಕಾ, ಕಲ್ಲ ಸಾಕ ಇನ್ನ. ಚಾಪ್ಟರ್ ಮುಗದೈತಿ. ಮತ್ತ ಕಲ್ಲ ತರಬ್ಯಾಡ, ಕೈ ಮುಗಿತೇನಿ" ಎಂದೆ. ನೀನು, "ಆತ ಬಿಡು, ಬಂದಾಗ ತೋರಿಸ್ತೇನಿ" ಎಂದೆ. ನಾನು ಬರಲಿಲ್ಲ. ಒಂಬತ್ತು ದಿನಕ್ಕೆ ಬಂದೆ, ಕಾಕೂ ಫೋನ್ ಮಾಡಿದಾಗ. ಅಷ್ಟರಲ್ಲಿ ನೀನು...

ಬಾಳವ್ವನ ಅಂಗಡಿಯಿಂದ ನೇರ ಬೋರಗಾಂವದ ಬಸ್ಸು ಹತ್ತಿದೆ. ಕಾಕೂ ಸಂಜೆಯ ಊಟಕ್ಕೆ ರೊಟ್ಟಿ ಬಡಿಯುತ್ತಿದ್ದಳು. ಕಾಕಾ ಕಡೆಗೆ ತಂದ ಚೀಲ ಎಲ್ಲಿ ಎಂದು ಬಾಗಿಲಲ್ಲೇ ಕೇಳಿದೆ.

"ಯಾವ ಚೀಲ? ಮುರುಮಿಂದೇನ? ಬಚ್ಚಲದ ಹಿಂದ ಎರಡ ಇಟ್ಟಿದ್ರು. ಅವತ್ತ ಮಳಿ ಬಂದ ಅಂಗಳೆಲ್ಲಾ ರಾಡಿ ಆಗಿತ್ತಲ್ಲ, ಬಂದ ಮಂದಿ ಜಾರಾಕತ್ತಿದ್ರು. ಬಾಜೂ ಮನಿಯವರು ಅದನ್ನ ತಗದ ಅಂಗಳಕ್ಕ ಹರವಿದ್ರು. ಮಳಿಗಾಲಕ್ಕಂತ ನಿಮ್ಮ ಕಾಕಾನ ತಂದ ಇಟ್ಟಿರಬೇಕ ಅನ್ಕೊಂಡೆ ನಾ."

"ಒಳಗ ಚೀಟಿ ಇರಲಿಲ್ಲೇನ ಕಾಕೂ?"

"ಸಣ್ಣ ಸಣ್ಣ ಕ್ಯಾರಿಬ್ಯಾಗ್ ಇದ್ದುವು, ಒಂದೊಂದರಾಗೂ ಒಂದೊಂದ ಚೀಟಿ. ಮರುದಿನ ನೀರೊಲಿಗೆ ಹಾಕಿ ಸುಟ್ಟೆ. ಯಾಕ, ಬೇಕಾಗಿತ್ತೇನ?"

ಏನೂ ಇಲ್ಲ ಎಂದೆ. ಅಂಗಳಕ್ಕೆ ಬಂದು ನಿಂತೆ. ಆರು ತಿಂಗಳು ಜನ ತುಳಿದು ನೆಲ ಗಟ್ಟಿಯಾಗಿದೆ, ಯಾವುದು ಹಳೆಯ ಮಣ್ಣು, ಯಾವುದು ನೀನು ಅಗೆದು ತಂದದ್ದು ಎಂದು ಗೊತ್ತಾಗುವುದಿಲ್ಲ. ನಿನ್ನನ್ನು ನೋಡಲು ಐದು ತಾಲೂಕಿನಿಂದ ಬಂದವರು ಅದರ ಮೇಲೆ ನಡೆದರು. ನಿನ್ನನ್ನು ಎತ್ತಿಕೊಂಡವರು ಅದರ ಮೇಲೆ ಕಾಲಿಟ್ಟು ಜಾರದೆ ಹೊರಗೆ ಹೋದರು. ನಾನೂ ನಡೆದೆ, ಬರಿಗಾಲಲ್ಲಿ. ನನಗೆ ತೋರಿಸುತ್ತೇನೆ ಎಂದಿದ್ದನ್ನು ತುಳಿದುಕೊಂಡೇ ಹೋದೆ. ಅಲ್ಲೇ ಕುಕ್ಕರುಗಾಲಲ್ಲಿ ಕೂತು ಉಗುರಿನಿಂದ ಎರಡು ಹೆಂಟೆ ಕೆದರಿದೆ. ಯಾವ ಊರಿನದೆಂದು ಗುರುತಿಲ್ಲ. ಗುರುತಿಲ್ಲದ ಕಲ್ಲು ಲೆಕ್ಕಕ್ಕಿಲ್ಲ. ನನಗೆ ಆಗ ಬಂದ ಅಳು ದುಃಖದ್ದೋ ಸಿಟ್ಟಿನದೋ, ಈಗಲೂ ಹೇಳಲಾರೆ.

ಜನವರಿಯಿಡೀ ನಾನೇ ಸುತ್ತಿದೆ, ನಿನ್ನ ಹಾಗೆ. ಯಾರನ್ನೂ ಕಲ್ಲು ಕೇಳಲಿಲ್ಲ. ರಸ್ತೆ ಕಡಿದ ಕಡೆ, ಬಾವಿಯ ಗೋಡೆಯಲ್ಲಿ, ಪದರಕ್ಕೊಂದರಂತೆ ಕೈಗೆ ಸಿಕ್ಕಿದ್ದನ್ನು ಸುತ್ತಿಗೆಯಿಂದ ತೆಗೆದೆ, ಚೆಂದ ನೋಡಿ ಆರಿಸಲಿಲ್ಲ. ಮುರುಮು ನೀರಿಗೆ ಹಾಕಿದರೆ ಕರಗುತ್ತದೆ, ಅದಕ್ಕೆ ಮೇಣ ಸವರಿ ತೂಗಿದೆ. ಯಾವ ಪದರ ಎಷ್ಟು ದಪ್ಪವೋ ಅಷ್ಟು ಪಾಲು ಹಾಕಿ ಕೂಡಿಸಿದೆ. ಎರಡು ಪಾಯಿಂಟ್ ಆರರ ಆಸುಪಾಸಿಗೆ ಬಂತು. ಮತ್ತೊಂದು ದಾರಿಯೂ ಇದೆ. ಬೇರೆ ಬೇರೆ ತೂಕ ಹಿಡಿದು ಲೆಕ್ಕ ಮಾಡುತ್ತ ಹೋಗಬೇಕು, ಯಾವ ತೂಕಕ್ಕೆ ಗುಡ್ಡದ ನೆರಳು ನಕಾಶೆಯಿಂದ ಮಾಯವಾಗುತ್ತದೋ ಅದೇ ಗುಡ್ಡದ ನಿಜವಾದ ತೂಕ. ಅದನ್ನೂ ಮಾಡಿದೆ. ಅದೂ ಅಲ್ಲಿಗೇ ಬಂತು. ಆ ನೀಲಿ ತಗ್ಗು ಹೋಯಿತು, ಕಾಕಾ. ಅದು ಇರಲೇ ಇಲ್ಲ. ಬಸ್ ಸ್ಟ್ಯಾಂಡಿನ ಡ್ರೈವರುಗಳು ಈಗಲೂ, "ಅಕ್ಕಾರ, ನಮ್ಮ ತಗ್ಗ ಹೆಂಗೈತಿ?" ಎಂದು ಕೇಳುತ್ತಾರೆ. ನಾನು ಮುಖ ತಪ್ಪಿಸುತ್ತೇನೆ. ಉಳಿದದ್ದು ಒಂದು ಸಪ್ಪೆ ನಕಾಶೆ, ಅಥಣಿಯ ಕಡೆಗೆ ನಿಧಾನಕ್ಕೆ ವಾಲುವ ನಾಲ್ಕು ಗೆರೆ. ಸರಿಯಾದ ನಕಾಶೆ ಇಷ್ಟು ಬೇಸರದ್ದಾಗಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ನಿನಗೆ ತಿಳಿಯದ ಸುದ್ದಿ ಇದು. ನಿನ್ನೆ ನಾಲ್ಕನೆಯ ಅಧ್ಯಾಯ ಮೇಡಂ ಕೈಗೆ ಕೊಟ್ಟೆ. ಅದರಲ್ಲಿ ಮೊದಲ ಕಲ್ಲುಗಳ ಕತೆಯನ್ನು ಮುಚ್ಚಿಡಲಿಲ್ಲ. ಹೀಗೆ ಬರೆದಿದ್ದೇನೆ: "ಮಾದರಿಗಳಲ್ಲಿ ಗಟ್ಟಿ ಕಲ್ಲುಗಳಷ್ಟೇ ಸೇರಿರುವ ದೋಷವನ್ನು ಮೊದಲು ಗುರುತಿಸಿದವರು ಬೋರಗಾಂವದ ಜಿನ್ನಪ್ಪ ಎಂಬ ನಿವೃತ್ತ ಬಸ್ ಕಂಡಕ್ಟರ್. ಅವರು ಅದನ್ನು ಸಂಶೋಧಕಿಗೆ ತಿಳಿಸಲು ಪ್ರಯತ್ನಿಸಿದರು. ಸಂಶೋಧಕಿ ಕೇಳಲಿಲ್ಲ." ಮೇಡಂ ಎರಡು ಸಲ ಓದಿದರು. ಕಡೆಯ ಎರಡು ಪದಗಳ ಮೇಲೆ ಪೆನ್ಸಿಲ್ ಇಟ್ಟು, "ಇದನ್ನ ಯಾರೂ ಥೀಸಿಸ್‌ನಾಗ ಬರೆಯೂದಿಲ್ಲ ಪದ್ಮಾ, ತಗದ ಬಿಡು" ಎಂದರು. ತೆಗೆಯುವುದಿಲ್ಲ ಎಂದೆ. ಮೇಡಂ ಪೆನ್ಸಿಲ್ ಬಿಟ್ಟು ಪೆನ್ ತೆಗೆದುಕೊಂಡು ಪುಟದ ಕೆಳಗೆ ಸಹಿ ಹಾಕಿದರು. ಮೊದಲಿನ ಪ್ರತಿಯಲ್ಲಿ ನಿನ್ನ ಹೆಸರು ಉಪಕಾರ ನೆನೆಯುವ ಪುಟದಲ್ಲಿ ಕಾಕೂನ ಹೆಸರಿನ ಕೆಳಗಿತ್ತು. ಅಲ್ಲಿಂದ ತೆಗೆದಿದ್ದೇನೆ. ಇನ್ನು ಮೇಲೆ ಈ ಗುಡ್ಡದ ತೂಕ ಯಾರು ಹುಡುಕಿದರೂ, ನಿನ್ನ ಹೆಸರು ದಾಟಿಯೇ ಮುಂದೆ ಹೋಗಬೇಕು.

ನಿನ್ನ ಮಾತು ಕೇಳದ,
ಪದ್ಮಿ